ಕಾರವಾರದ ಕೆಸರಿನಲ್ಲಿ ಬೆಳಗಾವಿಯ ನೀರು

ನನ್ನ ಮೊದಲ ಹನ್ನೆರಡು ಸ್ಲೈಡುಗಳೂ ಹಾಳಾದವು. ಕೆಸರು ಕಾರವಾರದ ಬಳಿ ಕಾಳಿ ನದಿಯ ಅಳಿವೆಯದು, ಹಿಂದೆ ಸಮುದ್ರ ಎಲ್ಲಿತನಕ ಬಂದಿತ್ತು ಎಂದು ಅದರಲ್ಲಿ ಹುಡುಕುತ್ತಿದ್ದೆ. ಆದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಪದರದಲ್ಲೂ ನಿಟ್ಶಿಯಾ ಎಂಬ ಒಂದೇ ಸಿಹಿನೀರಿನ ಡಯಾಟಮ್, ಚೂರೂ ಮುರಿಯದೆ, ನಿನ್ನೆ ಮೊನ್ನೆಯದರಂತೆ ಕಾಣುತ್ತಿತ್ತು. ಅನುಮಾನ ಬಂದು, ಕೆಸರೇ ಹಾಕದ ಬೀಕರಿಗೆ ನಮ್ಮ ಬೆಳಗಾವಿ ಲ್ಯಾಬಿನ ನಳದ ನೀರನ್ನಷ್ಟೇ ಸುರಿದು ಅದೇ ಕ್ರಮದಲ್ಲಿ ಸ್ಲೈಡ್ ಮಾಡಿದೆ. ಅದರಲ್ಲೂ ಅದೇ ನಿಟ್ಶಿಯಾ! ಡಿಸ್ಟಿಲ್ಡ್ ವಾಟರ್ ತೀರಿದ ಎರಡು ದಿನ ನಾನು ಟ್ಯಾಂಕಿನ ನೀರಲ್ಲಿ ತೊಳೆದಿದ್ದೆ. ಬೆಳಕು ಬೀಳುವ ಟ್ಯಾಂಕಿನ ಗೋಡೆಗೆ ಕಂದು ಲೋಳೆ ಹಿಡಿದಿರುತ್ತದಲ್ಲ, ಅದರ ತುಂಬ ಡಯಾಟಮ್. ಅಂದಿನಿಂದ ಪ್ರತಿ ಸಲವೂ ಒಂದು ಖಾಲಿ ಬೀಕರ್ ಜೊತೆಗಿಡುತ್ತೇನೆ.

ಡಯಾಟಮ್ ಒಂದೇ ಕೋಶದ ಪಾಚಿ. ಅದರ ಸಿಲಿಕಾ ಕವಚ ಕುಂಕುಮ ಭರಣಿ ಮುಚ್ಚಿಟ್ಟ ಹಾಗೆ, ಎರಡು ಹೋಳು. ಆಳಸಮುದ್ರದ ಲಕ್ಷಾಂತರ ವರ್ಷಗಳ ಹೂಳಿನಲ್ಲಿ ಯಾವ ಜಾತಿ ಹುಟ್ಟಿತು, ಯಾವುದು ಅಳಿಯಿತು ಎಂಬುದರಿಂದಲೇ ಕಾಲ ಹೇಳಬಹುದು. ಕೆಲವೇ ಸಾವಿರ ವರ್ಷಗಳ ಅಳಿವೆ ಕೆಸರಿಗೆ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಡಯಾಟಮ್ ಹೇಳುವುದು ನೀರು ಉಪ್ಪಿತ್ತೋ ಸಿಹಿಯಿತ್ತೋ ಎಂದು. ವರ್ಷ ಹೇಳುವುದು ಕಾರ್ಬನ್ 14, ಸತ್ತ ಜೀವಿಯಲ್ಲಿ ಕಾಲ ಕಳೆದಂತೆ ಕಡಿಮೆಯಾಗುತ್ತಾ ಹೋಗುವ ಕಾರ್ಬನ್. ಯಾವ ಪದರದ ವಯಸ್ಸು ಕೇಳಬೇಕೆಂದು ತೋರಿಸಿಕೊಡುವುದೇ ಡಯಾಟಮ್ಮಿನ ದೊಡ್ಡ ಉಪಕಾರ.

ಕೋರ್, ಅಂದರೆ ಪದರ ಕದಡದಂತೆ ಕೊಳವೆಯಲ್ಲಿ ತೆಗೆದ ಕೆಸರು, ಹೊತ್ತು ಅಣಶಿ ಘಟ್ಟ ಹತ್ತಿ ಬೆಳಗಾವಿ ಮುಟ್ಟಿದಾಗ ಸರಿರಾತ್ರಿ. ಲ್ಯಾಬ್ ಮುಚ್ಚಿತ್ತು, ಮನೆಯ ಫ್ರಿಜ್ಜಿನಲ್ಲೇ ಇಟ್ಟೆ.

"ಏನವಾ ಇದು, ಮೊಸರಿನ ಬಾಜೂಕ ರಾಡಿ ತಂದಿಟ್ಟಿ?" ಅಂದಳು ಅವ್ವ.

"ಸಮುದ್ರ ಎಲ್ಲಿತನಕಾ ಬಂದಿತ್ತು ಅನ್ನೂದು ಇದರಾಗ ಐತಿ, ಅವ್ವಾ."

ಆಕೆ ಮೊಸರಿನ ಗಡಿಗೆಯನ್ನು ಕೆಳಗಿನ ಹಲಗೆಗೆ ಸರಿಸಿ ಜಾಗ ಮಾಡಿಕೊಟ್ಟಳು.

ಸ್ಲೈಡ್ ಮಾಡುವ ಮೊದಲು ಬೇರು, ಎಲೆಯ ಅಂಶ ಕಳೆಯಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಬೇರು ಸೇರಿದ ಕೆಸರಿಗೆ 30% ಹೈಡ್ರೋಜನ್ ಪೆರಾಕ್ಸೈಡ್ ಒಮ್ಮೆಲೇ ಸುರಿಯಬೇಡಿ, ಹಾಲಿನಂತೆ ಉಕ್ಕಿ ಮಾದರಿಯೆಲ್ಲ ಚೆಲ್ಲುತ್ತದೆ. ಹನಿ ಹನಿಯಾಗಿ ಹಾಕಿ. ನೊರೆ ನಿಂತ ಮೇಲೆ ಕಪ್ಪು ಕೆಸರು ಬೂದಿಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಚಿಪ್ಪಿನ ಸುಣ್ಣ ಕರಗಲು ತೆಳು ಹೈಡ್ರೋಕ್ಲೋರಿಕ್ ಆಮ್ಲ, ಮತ್ತೆ ಮತ್ತೆ ತೊಳೆತ. ಮೈಕ್ರೋಸ್ಕೋಪಿನಲ್ಲಿ 1000 ಪಟ್ಟು ಹಿಗ್ಗಿಸಿ, ಸ್ಲೈಡಿಗೆ 300 ಹೋಳಾದರೂ ಎಣಿಸುತ್ತೇನೆ. ಮುರಿದವನ್ನು ಬೇರೆ ಬರೆದಿಡುತ್ತೇನೆ. ಅವು ಹೊಳೆಯೋ ಅಲೆಯೋ ಬೇರೆಡೆಯಿಂದ ಹೊತ್ತು ತಂದವಾಗಿರಬಹುದು.

ಹೊಸದಾಗಿ ಮಾಡಿದ ಸ್ಲೈಡುಗಳಲ್ಲಿ ಕೆಳಗೆ ಸಿಹಿನೀರಿನ ಯುನೋಷಿಯಾ, ಪಿನ್ನುಲೇರಿಯಾ. ಮೇಲೆ ಬಂದಂತೆ ಉಪ್ಪುನೀರಿನ ಪರಾಲಿಯಾ ಸಲ್ಕಾಟಾ ಹೆಚ್ಚುತ್ತಾ ಹೋಯಿತು. ಮೊದಲು 5 ಸೆಂ.ಮೀ.ಗೊಂದು ಮಾದರಿ ತೆಗೆದಿದ್ದೆ. ಆ ತಿರುವು ಸಿಕ್ಕ ಕಡೆ ಒಂದೊಂದು ಸೆಂ.ಮೀ.ಗೂ ತೆಗೆದೆ. ವಯಸ್ಸಿಗೆ ಕಳಿಸಲು ಅಲ್ಲೇ ಒಂದು ಚಿಪ್ಪೂ ಸಿಕ್ಕಿತ್ತು, ಆದರೆ ಅದನ್ನು ಬಿಟ್ಟೆ. ಕಡಲ ನೀರಿನಲ್ಲಿ ಹಳೆಯ ಕಾರ್ಬನ್ ಬೆರೆತಿರುವುದರಿಂದ ಚಿಪ್ಪು ತನ್ನ ವಯಸ್ಸನ್ನು ಸರಾಸರಿ 400 ವರ್ಷ ಹೆಚ್ಚಿಗೆ ಹೇಳುತ್ತದೆ. ಮರದ ತುಂಡನ್ನೂ ನಂಬಲಿಲ್ಲ, ಕೆಸರು ಸೇರುವ ಮೊದಲೇ ಅದು ಹಳತಾಗಿರಬಹುದು. ಜರಡಿಯಲ್ಲಿ ಉಗುರಿನಷ್ಟು ಎಲೆಚೂರು ಉಳಿದಿತ್ತು, ನರಗಳು ಇನ್ನೂ ಎಣಿಸುವ ಹಾಗಿದ್ದವು. ಅದನ್ನೇ ಫಾಯಿಲ್‌ನಲ್ಲಿ ಸುತ್ತಿ ಕಳಿಸಿದೆ.