ಒಂದೇ ಕಣಿವೆಗೆ ಮೂರು ಸಲ: ಹೂಗಳ ಕಣಿವೆಗೆ ನಾನು ತಯಾರಿ ಮಾಡಿಕೊಂಡ ರೀತಿ

ಈ ಪ್ರವಾಸಕ್ಕೆ ಅಂತ ನಾನು ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಂಡದ್ದು ವಿಮಾನದ ಟೈಮಲ್ಲ, ಒಂದು ಗೇಟಿನ ಟೈಮು. ಉತ್ತರಾಖಂಡದ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನದ ಗೇಟ್ ಬೆಳಗ್ಗೆ 7ಕ್ಕೆ ತೆಗೆಯುತ್ತದೆ. ಮಧ್ಯಾಹ್ನದ ನಂತರ ಹೊಸದಾಗಿ ಯಾರನ್ನೂ ಒಳಗೆ ಬಿಡುವುದಿಲ್ಲ. ಸಂಜೆ 5ರೊಳಗೆ ಎಲ್ಲರೂ ಆಚೆ ಬರಬೇಕು. ಒಳಗೆ ಟೆಂಟ್ ಹಾಕಿ ಉಳಿಯುವ ಹಾಗಿಲ್ಲ, ಅಂಗಡಿ ಇಲ್ಲ, ಹೋಟೆಲ್ ಇಲ್ಲ.

ಫೋಟೋ ತೆಗೆಯುವವರಿಗೆ ಇದರ ಅರ್ಥ ಏನು ಅಂತ ಕೂತು ಲೆಕ್ಕ ಹಾಕಿದೆ. ಉಳಿದುಕೊಳ್ಳುವ ಊರು ಘಾಂಘರಿಯಾ. ಅಲ್ಲಿಂದ ಹೂವಿನ ಬಯಲು ಶುರುವಾಗುವ ಜಾಗಕ್ಕೆ ಸುಮಾರು 4 ಕಿಲೋಮೀಟರ್, ಅದರಲ್ಲಿ ಒಳ್ಳೆಯ ಏರು ಇದೆ. ಕ್ಯಾಮೆರಾ ಹೊತ್ತು ನಿಧಾನಕ್ಕೆ ಹೋದರೆ ಎರಡು ಗಂಟೆ ಬೇಕು. ವಾಪಸ್ ಬರುವುದಕ್ಕೂ ಸಮಯ ಕಳೆದರೆ ಹೂಗಳ ಮಧ್ಯೆ ಸಿಗುವುದು ದಿನಕ್ಕೆ ಐದು, ಹೆಚ್ಚೆಂದರೆ ಆರು ಗಂಟೆ. ಅದೂ ಮಳೆಗಾಲದಲ್ಲಿ. ಸೂರ್ಯ ಹುಟ್ಟುವ, ಮುಳುಗುವ ಹೊತ್ತಿನ ಚಿನ್ನದ ಬೆಳಕನ್ನು ಮರೆತುಬಿಡಬೇಕು. ಗೇಟಿನ ಆಚೆ ಇರುವಾಗಲೇ ಅದು ಬಂದು ಹೋಗಿರುತ್ತದೆ.

ಸಾಮಾನ್ಯವಾಗಿ ಪ್ಯಾಕೇಜ್‌ಗಳಲ್ಲಿ ಕಣಿವೆಗೆ ಒಂದು ದಿನ, ಅಲ್ಲೇ ಮೇಲೆ ಕೆರೆಯ ದಡದಲ್ಲಿರುವ ಸಿಖ್ಖರ ಗುರುದ್ವಾರ ಹೇಮಕುಂಡ ಸಾಹಿಬ್‌ಗೆ ಒಂದು ದಿನ ಇಟ್ಟಿರುತ್ತಾರೆ. ಸುಮ್ನೆ ನೋಡಿ ಬರುವವರಿಗೆ ಅದು ಸಾಕು. ಆದರೆ ಆ ಒಂದೇ ದಿನ ಮಂಜು ಕವಿದರೆ? ಸಾವಿರಾರು ಕಿಲೋಮೀಟರ್ ಹೋಗಿ ಬಿಳಿ ಗೋಡೆ ನೋಡಿ ಬರಬೇಕಾಗುತ್ತದೆ. ಅದಕ್ಕೇ ಆ ಕಡೆ ಹೋದವರು ನೋಡಿ ಬರುವ ಬದ್ರಿನಾಥ, ಔಲಿ, ಮಾನಾ ಎಲ್ಲ ಬಿಟ್ಟೆ. ಆ ದಿನಗಳನ್ನೂ ಕಣಿವೆಗೇ ಕೊಟ್ಟೆ. ಮೂರು ಸಲ ಕಣಿವೆ, ಒಂದು ಸಲ ಹೇಮಕುಂಡ. ಒಟ್ಟು ಹತ್ತು ದಿನ. ಈ ಪ್ರವಾಸದಲ್ಲಿ ನಾನು ಮಾಡಿದ ಸರಿಯಾದ ನಿರ್ಧಾರ ಇದೇ ಅಂತ ಇವತ್ತಿಗೂ ಅನ್ನಿಸುತ್ತದೆ.

ಯಾವಾಗ ಹೋಗುವುದು ಅನ್ನುವುದು ಎರಡನೇ ಪ್ರಶ್ನೆ. ಉದ್ಯಾನ ತೆರೆದಿರುವುದು ಜೂನ್ 1ರಿಂದ ಅಕ್ಟೋಬರ್ 31ರವರೆಗೆ. ಜೂನ್‌ನಲ್ಲಿ ಹಿಮ ಇನ್ನೂ ಅಲ್ಲಲ್ಲಿ ಇರುತ್ತದೆ, ಹೂ ಕಡಿಮೆ. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿಯಾಗುತ್ತದೆ, ಆದರೆ ಹೂ ಮುಗಿಯುತ್ತಾ ಬಂದಿರುತ್ತದೆ. ಹೂ ತುಂಬಿಕೊಳ್ಳುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಅಂದರೆ ಜೋರು ಮಳೆಯ ಕಾಲ, ಗುಡ್ಡ ಜರಿಯುವ ಕಾಲ. ಹೂವೂ ಬೇಕು, ಒಣ ರಸ್ತೆಯೂ ಬೇಕು ಅಂದರೆ ಆಗುವುದಿಲ್ಲ. ನಾನು ಆಗಸ್ಟ್ ಮೊದಲ ವಾರ ಆರಿಸಿಕೊಂಡೆ. ಹೋಗುವಾಗ, ಬರುವಾಗ ಎರಡೂ ಕಡೆ ಸ್ವಲ್ಪ ಸಡಿಲ ಬಿಟ್ಟುಕೊಂಡೆ. ವಾಪಸ್ ವಿಮಾನ ಹಿಡಿಯುವ ದಿನವೇ ಬೆಟ್ಟ ಇಳಿಯುವ ಪ್ಲಾನ್ ಮಾತ್ರ ಯಾರೂ ಹಾಕಿಕೊಳ್ಳಬೇಡಿ.

ಹೊರಡುವ ಒಂದು ತಿಂಗಳ ಮುಂಚೆ ಕುದುರೆಮುಖಕ್ಕೆ ಹೋದೆ. ಅದು ನನ್ನ ಪರೀಕ್ಷೆ. ಅಲ್ಲೂ ರಾಷ್ಟ್ರೀಯ ಉದ್ಯಾನ, ಅಲ್ಲೂ ಮಳೆ, ಅಲ್ಲೂ ಮೊದಲೇ ಬುಕ್ ಮಾಡಿ ಹೊತ್ತಿಗೆ ಸರಿಯಾಗಿ ಹೋಗಿ ಬರಬೇಕು. ಮುಳ್ಳೋಡಿಯಿಂದ ತುದಿಗೆ ಹೋಗಿ ಬರಲು ಹೆಚ್ಚುಕಮ್ಮಿ 20 ಕಿಲೋಮೀಟರ್. ಹಿಮಾಲಯಕ್ಕೆ ಏನೇನು ಹೊತ್ತುಕೊಂಡು ಹೋಗಬೇಕು ಅಂದುಕೊಂಡಿದ್ದೆನೋ ಅಷ್ಟನ್ನೂ ಬ್ಯಾಗಿಗೆ ತುಂಬಿದೆ: ಎರಡು ಕ್ಯಾಮೆರಾ, ಮೂರು ಲೆನ್ಸ್, ಟ್ರೈಪಾಡ್. ಜೊತೆಗಿದ್ದ ತಂಗಿ ಬ್ಯಾಗ್ ಎತ್ತಿ ನೋಡಿ, "ಅಣ್ಣಾ, ಇಷ್ಟೂ ಹೊರ್ತೀಯಾ? ಇದರಲ್ಲಿ ನೀರೆಲ್ಲಿದೆ?" ಅಂದಳು. ದಾರಿಯಲ್ಲಿ ಸಿಗುವ ಒಂಟಿಮರದ ಹತ್ತಿರ ಬರುವಷ್ಟರಲ್ಲಿ ಭುಜ ಕಿತ್ತು ಬರುತ್ತಿತ್ತು. ಶೋಲಾ ಕಾಡಿನೊಳಗೆ ಇಂಬಳ ಕೀಳುವುದಕ್ಕೆ ಬಗ್ಗಿದರೆ ಬ್ಯಾಗ್ ತಲೆಯ ಮೇಲೆ ಬರುತ್ತಿತ್ತು. ದೂರದ್ದನ್ನು ತೆಗೆಯುವ ದೊಡ್ಡ ಟೆಲಿ ಲೆನ್ಸನ್ನು ಇಡೀ ದಿನ ಒಂದು ಸಲವೂ ಹೊರಗೆ ತೆಗೆಯಲಿಲ್ಲ. ಟ್ರೈಪಾಡ್ ಬಿಚ್ಚಿದ್ದು ಒಂದೇ ಸಲ, ಅಷ್ಟರಲ್ಲಿ ಗಾಳಿ ಬೀಸಿ ಪ್ರಯೋಜನ ಆಗಲಿಲ್ಲ.

ಮನೆಗೆ ಬಂದು ಅವತ್ತು ತೆಗೆದ ಫೋಟೋ ಎಲ್ಲ ತೆರೆದು, ಯಾವುದು ಯಾವ ಲೆನ್ಸಿನಲ್ಲಿ ಬಂತು ಅಂತ ನೋಡಿದೆ. ಎಲ್ಲವೂ ಎರಡೇ ಲೆನ್ಸಿನಲ್ಲಿ ಬಂದಿದ್ದವು. ಹಾಗಾಗಿ ಹಿಮಾಲಯಕ್ಕೆ ಒಂದು ಕ್ಯಾಮೆರಾ, ಬೆಟ್ಟ ಬಯಲಿಗೆ ಒಂದು 24–70 ಲೆನ್ಸ್, ಹೂವನ್ನು ದೊಡ್ಡದಾಗಿ ತೆಗೆಯಲು ಒಂದು 100 ಮಿ.ಮೀ. ಮ್ಯಾಕ್ರೋ ಲೆನ್ಸ್, ಅಷ್ಟೇ. ಟ್ರೈಪಾಡ್ ಬದಲಿಗೆ ಅಮ್ಮ ಹೊಲಿದುಕೊಟ್ಟ ಒಂದು ಅಂಗೈಯಗಲದ ಚೀಲ. ಒಳಗೆ ಹುರುಳಿಕಾಳು, ಮೇಲೆ ಪ್ಲಾಸ್ಟಿಕ್ ಕವರ್. ಬಂಡೆಯ ಮೇಲೆ ಅದನ್ನಿಟ್ಟು ಕ್ಯಾಮೆರಾ ಕೂರಿಸಿದರೆ ಅಲ್ಲಾಡುವುದಿಲ್ಲ. ಬ್ಯಾಟರಿ ನಾಲ್ಕು, ಕಾರ್ಡ್ ಮೂರು, ಹಳೆಯ ಹತ್ತಿ ಟವೆಲ್ ಎರಡು, ಸಿಲಿಕಾ ಜೆಲ್ ಪೊಟ್ಟಣ, ಜಿಪ್ ಕವರ್ ಒಂದು ಕಟ್ಟು, ಮತ್ತೆ ಒಂದು ದೊಡ್ಡ ಕರಿ ಕೊಡೆ. ಆ ಕೊಡೆಗೆ ನಾನು ಋಣಿ. ಡ್ರೋನ್ ವಿಚಾರ ತಲೆಗೇ ಹಾಕಿಕೊಳ್ಳಬೇಡಿ, ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಹೊರಟದ್ದು ನಾನು, ತಂಗಿ. ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ, ಅವತ್ತು ಋಷಿಕೇಶದಲ್ಲಿ ಮಲಗಿದ್ದು. ಮಾರನೆಯ ದಿನ ಬೆಳಗಿನ ಜಾವವೇ ಟ್ಯಾಕ್ಸಿಯಲ್ಲಿ ಹೊರಟೆವು. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಒಂದೊಂದಾಗಿ ದಾಟಿ ಜೋಶಿಮಠ ಸೇರುವುದು ಅವತ್ತಿನ ಪ್ಲಾನ್. ಸುಮಾರು 250 ಕಿಲೋಮೀಟರ್. ನಕ್ಷೆಯಲ್ಲಿ ಎಂಟು ಗಂಟೆ ತೋರಿಸಿದರೂ ನಂಬಬೇಡಿ. ಪೀಪಲ್‌ಕೋಟಿ ದಾಟಿದ ಮೇಲೆ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಜೆಸಿಬಿ ಮಣ್ಣು ತಳ್ಳುತ್ತಿದ್ದರೆ ಮೇಲಿನಿಂದ ಮತ್ತೆ ಕಲ್ಲು ಉರುಳುತ್ತಿತ್ತು. ಮೂರು ಗಂಟೆ ಕಾದೆವು. ಎಲ್ಲರೂ ಗಾಡಿಯಿಂದ ಇಳಿದು ನಿಂತಿದ್ದರು. ಯಾರೋ ಕಡಲೆಬೀಜ ಹಂಚಿದರು. ಜೋಶಿಮಠ ಮುಟ್ಟಿದಾಗ ಕತ್ತಲಾಗಿತ್ತು.

ಜೋಶಿಮಠದಲ್ಲಿ ಒಂದು ರಾತ್ರಿ ಉಳಿಯುವುದು ಸುಮ್ನೆ ಅಲ್ಲ. ಕುದುರೆಮುಖದ ತುದಿ ಸುಮಾರು 1,890 ಮೀಟರ್. ಜೋಶಿಮಠ ಊರು ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿದೆ. ನಾವು ಇಡೀ ದಿನ ಹತ್ತಿ ಮುಟ್ಟಿದ ತುದಿಯ ಎತ್ತರದಲ್ಲಿ ಇಲ್ಲಿ ತರಕಾರಿ ಅಂಗಡಿ, ಶಾಲೆ ಎಲ್ಲ ಇವೆ! ಘಾಂಘರಿಯಾ 3,000 ಮೀಟರ್ ದಾಟುತ್ತದೆ, ಹೇಮಕುಂಡ 4,000 ದಾಟುತ್ತದೆ. ಬೆಂಗಳೂರಿನ 900 ಮೀಟರ್‌ನಲ್ಲಿ ಇದ್ದ ದೇಹಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುವುದೇ ಒಳ್ಳೆಯದು. ಶೃಂಗೇರಿಯ ಹಾಗೆ ಜೋಶಿಮಠವೂ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದು. ಕುದುರೆಮುಖದ ಪಕ್ಕದಲ್ಲಿ ಒಂದು ಪೀಠ, ಈ ಕಣಿವೆಗೆ ಹೋಗುವ ದಾರಿಯಲ್ಲಿ ಇನ್ನೊಂದು. ಬೆಳಗ್ಗೆ ಮಠಕ್ಕೆ ಹೋಗಿ ಕೈಮುಗಿದು ಹೊರಟೆವು.

ಗೋವಿಂದಘಾಟ್‌ವರೆಗೆ ಟ್ಯಾಕ್ಸಿ, ಅಲ್ಲಿಂದ ಪುಲ್ನಾ ಹಳ್ಳಿಗೆ ಶೇರ್ ಜೀಪ್, ಆಮೇಲೆ ಘಾಂಘರಿಯಾವರೆಗೆ ಸುಮಾರು 10 ಕಿಲೋಮೀಟರ್ ನಡಿಗೆ. ಕುದುರೆ, ಹೇಸರಗತ್ತೆ ಸಿಗುತ್ತವೆ. ನಾವು ಬಟ್ಟೆಯ ಬ್ಯಾಗನ್ನು ಹೇಸರಗತ್ತೆ ಮೇಲೆ ಕಳಿಸಿ ಕ್ಯಾಮೆರಾ ಮಾತ್ರ ಹೆಗಲಿಗೆ ಹಾಕಿಕೊಂಡೆವು. ದಾರಿಯಲ್ಲಿ "ವಾಹೆ ಗುರು" ಅನ್ನುತ್ತಾ ಸಿಖ್ ಯಾತ್ರಿಕರ ಸಾಲೇ ಸಾಲು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಬರಿಗಾಲಲ್ಲಿ ಹತ್ತುತ್ತಿದ್ದರು.

ಅವತ್ತು ಸಂಜೆಯೇ ನಾನೊಂದು ತಪ್ಪು ಮಾಡಿದೆ. ಚಳಿಗೆ ಢಾಬಾದ ಒಲೆಯ ಪಕ್ಕ ಕೂತು, ಅಲ್ಲೇ ಬ್ಯಾಗಿನಿಂದ ಕ್ಯಾಮೆರಾ ತೆಗೆದೆ. ಹೊರಗೆ ಕೊರೆಯುವ ಚಳಿ, ಒಳಗೆ ಕುದಿಯುವ ದಾಲ್‌ನ ಹಬೆ. ಒಂದೇ ನಿಮಿಷದಲ್ಲಿ ಲೆನ್ಸಿನ ಗಾಜು ಬೆಳ್ಳಗಾಯಿತು. ಟವೆಲ್ಲಿನಲ್ಲಿ ಒರೆಸಿದರೆ ಮೇಲಿನದು ಹೋಯಿತು, ಒಳಗೆ ಮಸುಕು ಹಾಗೇ ಉಳಿಯಿತು. ಅದು ಆರಿ ಸರಿಯಾಗುವವರೆಗೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಅವತ್ತಿನಿಂದ ಬಿಸಿ ಜಾಗಕ್ಕೆ ಕಾಲಿಡುವ ಮುಂಚೆಯೇ ಕ್ಯಾಮೆರಾವನ್ನು ಜಿಪ್ ಕವರಿನೊಳಗೆ ಹಾಕಿ ಗಾಳಿ ತೆಗೆದು ಮುಚ್ಚುತ್ತಿದ್ದೆ. ಒಂದು ಗಂಟೆ ಮುಟ್ಟುತ್ತಿರಲಿಲ್ಲ. ಹಬೆ ಕವರಿನ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಬ್ಯಾಟರಿ ರಾತ್ರಿ ರಗ್ಗಿನೊಳಗೆ ನನ್ನ ಜೊತೆಗೇ ಮಲಗುತ್ತಿತ್ತು. ಕರೆಂಟ್ ಬಂದಾಗಲೆಲ್ಲ ಮೊದಲ ಕೆಲಸ ಚಾರ್ಜಿಗೆ ಹಾಕುವುದು.

ಮೊದಲ ದಿನ ಕಣಿವೆ ನಾನು ಹೆದರಿದ್ದ ಹಾಗೇ ಇತ್ತು. ಪುಷ್ಪಾವತಿ ಹೊಳೆಯ ಸೇತುವೆ ದಾಟಿ, ಏರು ಹತ್ತಿ ಬಯಲಿಗೆ ಬಂದರೆ ಇಪ್ಪತ್ತು ಅಡಿ ಆಚೆ ಏನೂ ಕಾಣದು. ಎಷ್ಟೋ ಜನ ಅರ್ಧ ಗಂಟೆ ನಿಂತು ಬೇಜಾರು ಮಾಡಿಕೊಂಡು ತಿರುಗಿದರು. ಅವರಿಗೆ ಅದೊಂದೇ ದಿನ ಇತ್ತು. ನನಗೆ ಇನ್ನೂ ಎರಡು ದಿನ ಇದೆ ಅನ್ನುವ ಧೈರ್ಯಕ್ಕೆ ಬೆಟ್ಟದ ಆಸೆ ಬಿಟ್ಟು ಕೆಳಗೆ ನೋಡಲು ಶುರು ಮಾಡಿದೆ. ಹೆಡೆ ಎತ್ತಿದ ನಾಗರದ ಹಾಗಿರುವ ಕೋಬ್ರಾ ಲಿಲಿ. ನೇರಳೆ ಜೆರೇನಿಯಂ. ಗುಲಾಬಿ ಬಣ್ಣದ ಬಾಲ್ಸಮ್, ನಮ್ಮ ಹಿತ್ತಲಿನ ಕರ್ಣಕುಂಡಲದ ದಾಯಾದಿ, ಇಲ್ಲಿ ಆಳೆತ್ತರ ಬೆಳೆದಿತ್ತು. ಮಂಜಿನ ಬೆಳಕಿನಲ್ಲಿ ನೆರಳೇ ಇರುವುದಿಲ್ಲ, ಹಾಗಾಗಿ ಹೂವಿನ ನಿಜವಾದ ಬಣ್ಣ ಬರುತ್ತದೆ. ಒದ್ದೆ ಎಲೆ ಮಿರುಗಿ ಬಿಳಿಯಾಗುವುದನ್ನು ಪೋಲರೈಸರ್ ಫಿಲ್ಟರ್ ಸರಿಮಾಡಿತು. ಅವತ್ತು ಎಲ್ಲವೂ ಮ್ಯಾಕ್ರೋದಲ್ಲೇ.

ಒಂದು ಮಾತು ಇಲ್ಲಿ ಹೇಳಲೇಬೇಕು. ಫೋಟೋಗೋಸ್ಕರ ದಾರಿ ಬಿಟ್ಟು ಹೂಗಳ ಮೇಲೆ ಕಾಲಿಟ್ಟವರನ್ನು ನೋಡಿ ನನಗೆ ತುಂಬಾ ಸಂಕಟ ಆಯಿತು. ಇಲ್ಲಿ ಗಿಡಗಳಿಗೆ ಸಿಗುವುದೇ ವರ್ಷದಲ್ಲಿ ಮೂರು–ನಾಲ್ಕು ತಿಂಗಳು. ಉಳಿದದ್ದೆಲ್ಲ ಹಿಮ. ತುಳಿದ ಗಿಡ ಆ ವರ್ಷ ಬೀಜ ಕಟ್ಟುವುದಿಲ್ಲ. ಕಲ್ಲು ಹಾಸಿದ ದಾರಿಯ ಮೇಲೇ ಮಂಡಿಯೂರಿದರೂ ಎರಡೂ ಕಡೆ ಬೇಕಾದಷ್ಟು ಹೂ ಸಿಗುತ್ತದೆ. ಮ್ಯಾಕ್ರೋ ಲೆನ್ಸ್ 100 ಮಿ.ಮೀ.ದೇ ತಂದಿದ್ದಕ್ಕೆ ಅದೂ ಒಂದು ಕಾರಣ, ಸ್ವಲ್ಪ ದೂರದಿಂದಲೇ ತೆಗೆಯಬಹುದು.

ಮರುದಿನ ಹೇಮಕುಂಡ. 6 ಕಿಲೋಮೀಟರ್‌ನಲ್ಲಿ ಸಾವಿರ ಮೀಟರ್‌ಗೂ ಜಾಸ್ತಿ ಏರಬೇಕು. ಇಪ್ಪತ್ತು ಹೆಜ್ಜೆ ಹಾಕುವುದು, ನಿಲ್ಲುವುದು, ಮತ್ತೆ ಇಪ್ಪತ್ತು. ತಂಗಿಗೆ ತಲೆನೋವು ಶುರುವಾಯಿತು. ಜಾಸ್ತಿಯಾದರೆ ತಿರುಗಿಬಿಡೋಣ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ನೀರು ಕುಡಿದು, ಅರ್ಧ ಗಂಟೆ ಕೂತ ಮೇಲೆ ಕಡಿಮೆಯಾಯಿತು. ಹಾಗೆ ಕೂತಿದ್ದಾಗಲೇ ಅವಳು ಕೈ ತೋರಿಸಿದ್ದು. ಬಂಡೆಯ ಸಂದಿಯಲ್ಲಿ ನೀಲಿ ಗಸಗಸೆ ಹೂ, ಬ್ಲೂ ಪಾಪಿ. ಕಾಂಡದ ತುಂಬ ಸಣ್ಣ ಸಣ್ಣ ಮುಳ್ಳು, ಪ್ರತಿ ಮುಳ್ಳಿನ ತುದಿಯಲ್ಲೂ ಒಂದು ಹನಿ. ಎಸಳು ತೆಳ್ಳಗೆ, ಮಳೆಗೆ ನೆನೆದ ರೇಷ್ಮೆಯ ಹಾಗೆ ಮಡಚಿಕೊಂಡಿತ್ತು. ಮಧ್ಯೆ ಹಳದಿ ಕೇಸರ. ಕ್ಯಾಮೆರಾವನ್ನು ಎಫ್ 8, ಐಎಸ್‌ಒ 800ಕ್ಕೆ ಹೊಂದಿಸಿ, ಬಂಡೆಯ ಮೇಲೆ ಹುರುಳಿ ಚೀಲ ಇಟ್ಟು ಗಾಳಿ ನಿಲ್ಲಲು ಕಾದೆ. ಹದಿನೈದು ನಿಮಿಷದಲ್ಲಿ ಮೂರು ಸಲ ನಿಂತಿತು.

ಮೇಲೆ ಕೆರೆ ಕಾಣಲೇ ಇಲ್ಲ, ಮಂಜು. ಬ್ರಹ್ಮಕಮಲ ಮಾತ್ರ ದಾರಿಯ ಪಕ್ಕದಲ್ಲೇ ಅರಳಿತ್ತು. ಗುರುದ್ವಾರದಲ್ಲಿ ಬಿಸಿ ಖಿಚಡಿ, ಚಹಾ ಕೊಟ್ಟರು. ಅಷ್ಟು ರುಚಿಯಾದ ಊಟ ನಾನು ಈಚೆಗೆ ಉಂಡಿರಲಿಲ್ಲ.

ಎರಡನೇ ಸಲ ಕಣಿವೆಗೆ ಹೋದಾಗ 7ಕ್ಕೆ ಗೇಟಿನಲ್ಲಿ ಮೊದಲು ನಿಂತವರು ನಾವೇ. ಎಲ್ಲೂ ನಿಲ್ಲದೆ ಸೀದಾ ಬಯಲಿಗೆ ನಡೆದೆವು, ಎಲ್ಲಿ ಏನಿದೆ ಅಂತ ಈಗ ಗೊತ್ತಿತ್ತಲ್ಲ. ಒಂಬತ್ತೂವರೆ ಸುಮಾರಿಗೆ ಮೋಡ ಮೇಲೇರಿತು. ಮೊದಲು ಎದುರಿನ ಬೆಟ್ಟದ ಜಲಪಾತಗಳು ಕಂಡವು, ಆಮೇಲೆ ಹಿಮನದಿ, ಆಮೇಲೆ ಹಿಂದಿನ ಬಿಳಿ ಶಿಖರಗಳು. ಮುಂದೆ ಇಡೀ ಇಳಿಜಾರು ಗುಲಾಬಿ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಬರುತ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈಥ್ ಮತ್ತು ಜೊತೆಯವರು ಮಂಜಿನಲ್ಲಿ ಇಲ್ಲಿಗೆ ಇಳಿದಾಗ ಅವರಿಗೂ ಹೀಗೇ ತೆರೆದುಕೊಂಡಿತ್ತೇನೋ. ನಲವತ್ತು ನಿಮಿಷ ಅಷ್ಟೇ. ಮತ್ತೆ ಮುಚ್ಚಿತು. ಗೋಡೆಗೆ ಹಾಕಿಕೊಂಡಿರುವ ಫೋಟೋ ಆ ನಲವತ್ತು ನಿಮಿಷದ್ದು.

ಆ ದಿನವೇ ಇನ್ನೂ ಮುಂದೆ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿವರೆಗೂ ಹೋದೆವು. 1939ರಲ್ಲಿ ಗಿಡಗಳನ್ನು ಸಂಗ್ರಹಿಸಲು ಬಂದವರು, ಇಲ್ಲೇ ಇಳಿಜಾರಿನಲ್ಲಿ ಜಾರಿ ಬಿದ್ದು ತೀರಿಕೊಂಡರು. ಸುತ್ತ ಹೂವೇ ಹೂವು. ಅಲ್ಲಿ ಕ್ಯಾಮೆರಾ ತೆಗೆಯಲು ಮನಸ್ಸು ಬರಲಿಲ್ಲ.

ಮೂರನೇ ದಿನ ಬೆಳಗ್ಗೆಯಿಂದಲೇ ಮಳೆ. ಬೇಕಾದ ದೊಡ್ಡ ಫೋಟೋ ಸಿಕ್ಕಿಯಾಗಿತ್ತು, ಆದರೂ ಹೋದೆವು. ಒಂದೇ ಒಂದು ಬಾಲ್ಸಮ್ ಗುಂಪಿನ ಮುಂದೆ ಕೂತೆ. ತಂಗಿ ಕರಿ ಕೊಡೆ ಹಿಡಿದಿದ್ದಳು, ನನಗಲ್ಲ, ಕ್ಯಾಮೆರಾಗೆ. ಹೂವಿನ ತುದಿಯಲ್ಲಿ ಹನಿ ಸೇರಿ, ಉದ್ದವಾಗಿ, ಬೀಳುತ್ತಿತ್ತು. ಮತ್ತೆ ಇನ್ನೊಂದು ಸೇರುತ್ತಿತ್ತು. ಹನಿಯೊಳಗೆ ಹಿಂದಿನ ಹೂ ತಲೆಕೆಳಗಾಗಿ ಕಾಣುತ್ತಿತ್ತು. "ಅಣ್ಣಾ, ಗಾಳಿ ನಿಂತ್ತು, ಈಗ ತೆಗಿ" ಅನ್ನುತ್ತಿದ್ದಳು. ಎರಡು ಗಂಟೆ ಹಾಗೇ ಕೂತಿದ್ದೆವು. ಎರಡೂವರೆಗೆ ಎದ್ದು, ಟವೆಲ್ಲಿನಲ್ಲಿ ಕ್ಯಾಮೆರಾ ಸುತ್ತಿ, ನಡೆಯಲು ಶುರು ಮಾಡಿದೆವು. ನಾಲ್ಕೂಮುಕ್ಕಾಲಿಗೆ ಗೇಟ್ ದಾಟಿದಾಗ ಅಲ್ಲಿ ಕೂತಿದ್ದವರು ನಮ್ಮನ್ನು ಗುರುತು ಹಿಡಿದು, ನಾಳೆಯೂ ಬರ್ತೀರಾ ಅಂತ ಹಿಂದಿಯಲ್ಲಿ ಕೇಳಿದರು.