ಮದುವೆಯ ಪ್ರಮಾಣಪತ್ರವಿಲ್ಲದ ಅರ್ಜಿ: ಕೆನಡಾದಲ್ಲಿ ಕಾದ ದಿನಗಳು

ಮದುವೆಯಾಗದ ಇಬ್ಬರು ಕನಿಷ್ಠ 12 ತಿಂಗಳು ಎಡೆಬಿಡದೆ ಗಂಡ-ಹೆಂಡಿರಂತೆ ಒಟ್ಟಿಗೆ ಬಾಳಿದ್ದರೆ, ಕೆನಡಾದ ವಲಸೆ ನಿಯಮಗಳು ಅವರನ್ನು ಕಾಮನ್‌-ಲಾ ಸಂಗಾತಿಗಳೆಂದು ಒಪ್ಪುತ್ತವೆ. ದಾವಣಗೆರೆಯಲ್ಲಿ ಬೆಳೆದು, ಆಂಟೇರಿಯೊದ ಕಿಚನರ್‌ನಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದ ನನ್ನನ್ನು, ಕೆನಡಾದ ಪ್ರಜೆಯಾದ ನನ್ನ ಸಂಗಾತಿ ಕಾಯಂ ವಾಸದ ಹಕ್ಕಿಗಾಗಿ (ಪಿಆರ್) ಈ ವರ್ಗದಲ್ಲೇ ಸ್ಪಾನ್ಸರ್ ಮಾಡಿದರು. ಮದುವೆಯಾದವರ ಸಂಬಂಧವನ್ನೂ ಅಧಿಕಾರಿಗಳು ಪರೀಕ್ಷಿಸುತ್ತಾರೆ, ನಿಜ. ಆದರೆ ಅವರ ಕೈಯಲ್ಲಿ ದಿನಾಂಕ ಬರೆದ ಒಂದು ಪ್ರಮಾಣಪತ್ರವಾದರೂ ಇರುತ್ತದೆ. ನಮಗೆ ಅದಿಲ್ಲ. ನನ್ನ ಆತಂಕದ ಬಹುಪಾಲು ಹುಟ್ಟಿದ್ದು ಅಲ್ಲಿಂದಲೇ.

ಕಾಮನ್‌-ಲಾ ಸಂಬಂಧವನ್ನು ಘೋಷಿಸುವ ಐಎಂಎಂ 5409 ಎಂಬ ನಮೂನೆಯಲ್ಲಿ ನಾವಿಬ್ಬರೂ ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದೆವು. ಅಷ್ಟರಿಂದ ಅಧಿಕಾರಿಗೆ ಮನವರಿಕೆಯಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ನಯಾಗರದ ಎದುರು ನಿಂತು ತೆಗೆಸಿಕೊಂಡ ಹತ್ತು ಫೋಟೊಗಳಿಗಿಂತ ಇಬ್ಬರ ಹೆಸರೂ ಇರುವ ಬಾಡಿಗೆ ಕರಾರು, ಹೈಡ್ರೋ (ವಿದ್ಯುತ್) ಬಿಲ್ಲು, ಜಂಟಿ ಖಾತೆಯಿಂದ ತಿಂಗಳು ತಿಂಗಳೂ ದಿನಸಿಗೆ ಹೋದ ಹಣದ ವಿವರ ಹೆಚ್ಚು ಗಟ್ಟಿಯಾದ ಸಾಕ್ಷ್ಯಗಳು. ತೆರಿಗೆಯದ್ದೂ ಅಷ್ಟೇ ಮುಖ್ಯ: ಒಟ್ಟಿಗಿದ್ದು 12 ತಿಂಗಳು ತುಂಬಿದಾಗ ತೆರಿಗೆ ಇಲಾಖೆಗೂ ಕಾಮನ್‌-ಲಾ ಎಂದೇ ತಿಳಿಸಬೇಕು, ಮತ್ತು ಅಲ್ಲಿ ಕೊಟ್ಟ ದಿನಾಂಕಕ್ಕೂ ವಲಸೆ ಅರ್ಜಿಯಲ್ಲಿ ಬರೆದ ದಿನಾಂಕಕ್ಕೂ ತಾಳೆಯಾಗಬೇಕು.

ಎಲ್ಲಕ್ಕಿಂತ ಕಷ್ಟವಾದದ್ದು ಮನೆಯವರ ಪತ್ರ. ನಮ್ಮ ಸಂಬಂಧ ಕುಟುಂಬಕ್ಕೆ ತಿಳಿದಿದೆಯೇ ಎಂಬುದನ್ನೂ ಅರ್ಜಿಯಲ್ಲಿ ಕೇಳುತ್ತಾರೆ. ಭಾರತದಿಂದ ಬಂದವಳ ಮದುವೆಯಿಲ್ಲದ ಸಂಸಾರದ ಬಗ್ಗೆ ತಂದೆತಾಯಿ ಮೌನವಾಗಿದ್ದರೆ ಓದುವವರಿಗೆ ಅನುಮಾನ ಬರುವುದು ಸಹಜ. "ನಿಶ್ಚಿತಾರ್ಥವನ್ನಾದರೂ ಮಾಡಿಕೊಳ್ಳಿ, ಆಮೇಲೆ ಬರೆದುಕೊಡುತ್ತೇವೆ" ಎಂದು ಅಮ್ಮ ಕೆಲವು ವಾರ ಹಟ ಹಿಡಿದರು. ಕೊನೆಗೆ ಅಪ್ಪ ಕನ್ನಡದಲ್ಲಿ ಒಂದು ಪುಟ ಬರೆದು, ಅಳಿಯನಾಗಬೇಕಾದವರು ಎಂಬ ಪದವನ್ನೇ ಬಳಸಿ, ಅವರು ನಮ್ಮ ಮನೆಗೆ ಬಂದು ಹಬ್ಬದೂಟ ಮಾಡಿದ್ದನ್ನೂ ಸೇರಿಸಿದರು. ಇಂಗ್ಲಿಷ್ ಅಥವಾ ಫ್ರೆಂಚ್‌ನಲ್ಲಿಲ್ಲದ ದಾಖಲೆಗೆ ಅನುವಾದ ಬೇಕು, ಅದನ್ನು ಅರ್ಜಿದಾರರೋ ಅವರ ಕುಟುಂಬದವರೋ ಮಾಡುವಂತಿಲ್ಲ. ಹಾಗಾಗಿ ಆ ಪತ್ರವನ್ನು ಹೊರಗಿನವರಿಂದ ಅನುವಾದ ಮಾಡಿಸಿದೆ.

ಬಯೋಮೆಟ್ರಿಕ್ಸ್, ವೈದ್ಯಕೀಯ ತಪಾಸಣೆ, ಭಾರತದ ಪೊಲೀಸ್ ಪ್ರಮಾಣಪತ್ರ ಇವೆಲ್ಲ ಸರಾಗವಾಗಿ ಮುಗಿದವು. ಆಮೇಲೆ ತಿಂಗಳುಗಟ್ಟಲೆ ಏನೂ ಇಲ್ಲ. ಕೆಲಸದ ಪರ್ಮಿಟ್ಟಿನ ಗಡುವು ಹತ್ತಿರವಾದಂತೆ ಬೆಳಿಗ್ಗೆ ಎದ್ದವಳೇ ಖಾತೆ ತೆರೆದು ಅರ್ಜಿಯ ಸ್ಥಿತಿ ನೋಡುವುದು ರೂಢಿಯಾಯಿತು. ಯಾರದೋ ಅರ್ಜಿ ನಮ್ಮದಕ್ಕಿಂತ ಬೇಗ ಮುಗಿಯಿತೆಂದು ಕೇಳಿದರೆ ಅಂದು ರಾತ್ರಿ ನಿದ್ದೆಯಿಲ್ಲ. ಆಗ ನಾನು ಮಾಡಿದ್ದು, ಮಾಹಿತಿ ಪಡೆಯುವ ಕಾಯ್ದೆಯಡಿ 5 ಡಾಲರ್ ಕಟ್ಟಿ ನಮ್ಮ ಕಡತದ ಜಿಸಿಎಂಎಸ್ (ವಲಸೆ ಇಲಾಖೆಯ ಕಂಪ್ಯೂಟರ್ ವ್ಯವಸ್ಥೆ) ಟಿಪ್ಪಣಿಗಳನ್ನು ತರಿಸಿಕೊಂಡದ್ದು. ಅರ್ಹತೆ, ವೈದ್ಯಕೀಯ, ಅಪರಾಧ, ಭದ್ರತೆ ಎಂಬ ಪರಿಶೀಲನೆಗಳಲ್ಲಿ ಯಾವುದು ಮುಗಿದಿದೆ, ಯಾವುದು ಬಾಕಿಯಿದೆ ಎಂಬುದು ಅದರಿಂದ ತಿಳಿಯಿತು. ಅದರಿಂದ ಕಡತ ಮುಂದಕ್ಕೆ ಸರಿಯಲಿಲ್ಲ, ಆದರೆ ನನ್ನ ಊಹಾಪೋಹ ನಿಂತಿತು.

ನನಗೆ ನಿಜವಾದ ಧೈರ್ಯ ಕೊಟ್ಟದ್ದು ಅರ್ಜಿ ಹಾಕುವಾಗಲೇ ಮಾಡಿದ್ದ ಒಂದು ಆಯ್ಕೆ. ಕೆನಡಾದೊಳಗೇ ಇದ್ದರೂ ನಾವು, ಅಲ್ಲೇ ಸಂಗಾತಿಯೊಂದಿಗೆ ನೆಲೆಸಿರುವವರಿಗಾಗಿ ಇರುವ ಇನ್‌ಲ್ಯಾಂಡ್ ವರ್ಗವನ್ನು ಬಿಟ್ಟು ಔಟ್‌ಲ್ಯಾಂಡ್ ಎಂದು ಕರೆಯುವ, ಹೊರದೇಶದಲ್ಲಿರುವವರೂ ಹಾಕಬಹುದಾದ ಕುಟುಂಬ ವರ್ಗದಲ್ಲಿ ಅರ್ಜಿ ಹಾಕಿದ್ದೆವು. ಇದರಲ್ಲಿ ಅರ್ಜಿ ತಿರಸ್ಕೃತವಾದರೆ, ಸ್ಪಾನ್ಸರ್ 30 ದಿನಗಳೊಳಗೆ ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಇನ್‌ಲ್ಯಾಂಡ್‌ನಲ್ಲಿ ಆ ಮೇಲ್ಮನವಿಯಿಲ್ಲ, ಫೆಡರಲ್ ನ್ಯಾಯಾಲಯದ ಅನುಮತಿ ಕೋರಿ ಮರುಪರಿಶೀಲನೆಗೆ ಹೋಗುವುದೊಂದೇ ದಾರಿ. ಅಲ್ಲದೆ, ನಡುವೆ ಅಮ್ಮನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಅರ್ಜಿಗೆ ಧಕ್ಕೆಯಾದೀತೆಂಬ ಭಯವಿಲ್ಲದೆ ದಾವಣಗೆರೆಗೆ ಹೋಗಿಬಂದೆ.

ಕಡೆಗೆ ಸಂದರ್ಶನವಿಲ್ಲದೆಯೇ ಒಪ್ಪಿಗೆ ಬಂತು. ಅಂದು ಸಂಜೆಯೇ ನಾವಿಬ್ಬರೂ ಕೂತು ಸ್ಪಾನ್ಸರ್ ಮುಚ್ಚಳಿಕೆಯನ್ನು ಮತ್ತೊಮ್ಮೆ ಓದಿದೆವು: ನಾನು ಪಿಆರ್ ಆದ ದಿನದಿಂದ 3 ವರ್ಷ ನನ್ನ ಮೂಲಭೂತ ಅಗತ್ಯಗಳ ಹೊಣೆ ಅವರದು, ಈ ನಡುವೆ ನಾವು ಬೇರೆಯಾದರೂ ಅದು ರದ್ದಾಗುವುದಿಲ್ಲ.