ಸ್ಟ್ರಿಪ್ ತಿರುಗಿಸಿ ಓದಿದ ಮೇಲೆ

ತಿಪಟೂರು ಕಡೆ ಮೆಡಿಕಲ್ ಶಾಪ್ ಇಟ್ಟು ಹದಿನೆಂಟು ವರ್ಷ ಆಯಿತು. ಅದರಲ್ಲಿ ಮೊದಲ ಹತ್ತು ವರ್ಷ ನನಗೆ ಜೆನೆರಿಕ್, ಅಂದರೆ ಹೆಸರಾದ ಬ್ರ್ಯಾಂಡ್ ಇಲ್ಲದೆ ಅದೇ ಔಷಧಿ ಹಾಕಿ ಮಾರುವ ಮಾತ್ರೆಗಳ ಮೇಲೆ ನಂಬಿಕೆಯೇ ಇರಲಿಲ್ಲ. ಎಂಆರ್‌ಪಿ 90 ರೂಪಾಯಿ ಅಂತ ಅಚ್ಚಾದ ಸ್ಟ್ರಿಪ್ ನನಗೆ ಹೋಲ್‌ಸೇಲ್‌ನಲ್ಲಿ 20 ರೂಪಾಯಿಗೆ ಬೀಳುತ್ತಿತ್ತು. ಇಷ್ಟು ಕಡಿಮೆಗೆ ಕೊಡುವವರು ಒಳಗೆ ಏನು ಹಾಕಿರುತ್ತಾರೋ ಅನ್ನೋ ಅನುಮಾನ. ಮನೆಗೆ ಒಯ್ಯುವಾಗ ದೊಡ್ಡ ಕಂಪನಿಯ ಮಾತ್ರೆಯನ್ನೇ ತೆಗೆದುಕೊಳ್ಳುತ್ತಿದ್ದೆ.

ಒಂದು ರಾತ್ರಿ ಸ್ಟಾಕ್ ನೋಡುತ್ತಿದ್ದಾಗ ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್‌ನ ಎರಡು ಸ್ಟ್ರಿಪ್ ಒಟ್ಟಿಗೆ ಕೈಗೆ ಬಂದವು. ಒಂದು ಹೆಸರಾದ ಬ್ರ್ಯಾಂಡ್, ಇನ್ನೊಂದು ಜೆನೆರಿಕ್. ಟ್ಯೂಬ್‌ಲೈಟ್ ಕೆಳಗೆ ಹಿಡಿದು ಹಿಂಬದಿಯ ಸಣ್ಣ ಅಕ್ಷರ ಓದಿದೆ. ಎರಡೂ ಹಿಮಾಚಲದ ಬದ್ದಿಯಲ್ಲಿ ತಯಾರಾದವು. ಲೈಸೆನ್ಸ್ ನಂಬರ್ ಕೂಡ ಒಂದೇ! ಫ್ಯಾಕ್ಟರಿ ಒಂದೇ, ಮೇಲಿನ ಹೆಸರು ಮಾತ್ರ ಬೇರೆ. ಆವತ್ತಿನಿಂದ ಪ್ರತಿ ಸ್ಟ್ರಿಪ್ ತಿರುಗಿಸಿ ಓದುವುದು ರೂಢಿಯಾಯಿತು.

ಹಾಗಂತ ನನ್ನ ಅನುಮಾನ ಪೂರ್ತಿ ಸುಳ್ಳೇನಲ್ಲ. ಮಾತ್ರೆ ಮೂಲ ಔಷಧಿಯಷ್ಟೇ ರಕ್ತಕ್ಕೆ ಸೇರುತ್ತದೆಯೇ ಅನ್ನುವ ಪರೀಕ್ಷೆಯನ್ನು, ಸರಿಯಾಗಿ ಕರಗದ ಔಷಧಿಗಳಿಗೆ ನಮ್ಮಲ್ಲಿ ಕಡ್ಡಾಯ ಮಾಡಿದ್ದೇ 2017ರಲ್ಲಿ. ಅದಕ್ಕೇ ಫಿಟ್ಸ್‌ಗೆ ಫೆನಿಟಾಯಿನ್, ಥೈರಾಯ್ಡ್ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ನಾನಾಗಿ ಕಂಪನಿ ಬದಲಿಸುವ ಮಾತೇ ಎತ್ತುವುದಿಲ್ಲ. ಡೋಸ್ ಸ್ವಲ್ಪ ಏರುಪೇರಾದರೂ ತೊಂದರೆ.

ಇನ್ನೊಂದು ಕಷ್ಟ ಕಾನೂನಿನದು. ಚೀಟಿಯಲ್ಲಿ ಡಾಕ್ಟರು ಒಂದು ಬ್ರ್ಯಾಂಡ್ ಬರೆದರೆ, ಶೆಡ್ಯೂಲ್ ಎಚ್ ಔಷಧಿಗೆ (ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರಬಹುದಾದ ಔಷಧಿ) ನಾವು ಬೇರೆಯದು ಕೊಡುವ ಹಾಗಿಲ್ಲ, ಒಳಗಿನ ಔಷಧಿ ಅದೇ ಆದರೂ. 2023ರ ಆಗಸ್ಟ್‌ನಲ್ಲಿ ಡಾಕ್ಟರುಗಳು ಜೆನೆರಿಕ್ ಹೆಸರಲ್ಲೇ ಬರೆಯಬೇಕು ಅಂತ ನಿಯಮ ಬಂತು, ಅದೇ ತಿಂಗಳು ತಡೆಹಿಡಿದರು. ಹಾಗಾಗಿ ನಾನು ಫೋನ್ ಮಾಡುತ್ತೇನೆ. 'ಸರ್, ಇವರಿಗೆ ದುಡ್ಡು ಹೊಂದುತ್ತಿಲ್ಲ, ಔಷಧಿಯ ಹೆಸರು ಬರೆದುಕೊಡ್ತೀರಾ?' ಅಂತ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಪಕ್ಕದ ಹಳ್ಳಿಯ ಒಬ್ಬರು ಅಜ್ಜಿ ಬಿಪಿ ಮಾತ್ರೆಗೆ ಬರುತ್ತಿದ್ದರು. ತಿಂಗಳಿಗೆ ಬರೀ ಒಂದೂವರೆ ಸ್ಟ್ರಿಪ್. 'ಅಜ್ಜಿ, ದಿನಾ ತಗೋತಿದ್ದೀರಾ?' ಅಂತ ಕೇಳಿದೆ. 'ದಿನ ಬಿಟ್ಟು ದಿನ ಕಣಪ್ಪ, ಸಾಕಾಗಲ್ವಾ?' ಅಂದರು. ಡಾಕ್ಟರ ಹತ್ತಿರ ಮಾತಾಡಿ, ಚೀಟಿ ಬರೆಸಿ ಟೆಲ್ಮಿಸಾರ್ಟಾನ್ ಜೆನೆರಿಕ್ ಕೊಟ್ಟೆ. ಮಾತ್ರೆಯ ಬಣ್ಣ ನೋಡಿ ಬೆಚ್ಚಿದರು. ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು, ಬೆರಳಿಟ್ಟು, ಔಷಧಿಯ ಹೆಸರು, 40 ಎಂಜಿ ಅಂತ ಓದಿ ಹೇಳಿದೆ. ಮನೆಯಲ್ಲಿ ಉಳಿದ ಹಳೆ ಮಾತ್ರೆ ಜೊತೆಗೆ ನುಂಗಬೇಡಿ ಅಂತಲೂ ಹೇಳಿದೆ. ಈ ಮಾತು ಹೇಳದಿದ್ದರೆ ಎರಡನ್ನೂ ತಿನ್ನುವವರಿದ್ದಾರೆ. ಈಗ ತಿಂಗಳಿಗೆ ಮೂರು ಸ್ಟ್ರಿಪ್ ಒಯ್ಯುತ್ತಾರೆ.

ಬೆಲೆಯ ವಿಷಯ ಬಿಡುವ ಹಾಗಿಲ್ಲ. 20ಕ್ಕೆ ತಂದದ್ದನ್ನು 90ಕ್ಕೆ ಮಾರಿದರೆ ರೋಗಿಗೆ ಜೆನೆರಿಕ್‌ನಿಂದ ಏನು ಬಂತು? ನಾನು 30ಕ್ಕೆ ಕೊಡುತ್ತೇನೆ. ಬಾಡಿಗೆ, ಕರೆಂಟು, ಹುಡುಗನ ಸಂಬಳ ಅದರಲ್ಲೇ ಹೊರಡುತ್ತದೆ. ಊರಲ್ಲಿ ಜನೌಷಧಿ ಕೇಂದ್ರ ಬಂದ ಮೇಲಂತೂ ಜನ ಬೆಲೆ ಕೇಳಿಕೊಂಡೇ ಬರುತ್ತಾರೆ, ಅದು ಒಳ್ಳೆಯದೇ.

ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಗುಣಮಟ್ಟದಲ್ಲಿ ಫೇಲಾದ ಬ್ಯಾಚ್‌ಗಳ ಪಟ್ಟಿ ಹಾಕುತ್ತದೆ. ಅದರಲ್ಲಿ ಬ್ರ್ಯಾಂಡೂ ಇರುತ್ತದೆ, ಜೆನೆರಿಕ್ಕೂ ಇರುತ್ತದೆ. ಪಟ್ಟಿ ಬಂದ ದಿನ ಅಂಗಡಿ ಮುಚ್ಚಿದ ಮೇಲೆ ಕಪಾಟಿನ ಒಂದೊಂದು ಡಬ್ಬಿಯ ಬ್ಯಾಚ್ ನಂಬರ್ ನೋಡುತ್ತೇನೆ. ಸಿಕ್ಕಿದ್ದನ್ನು ಬೇರೆ ಪೆಟ್ಟಿಗೆಗೆ ಹಾಕಿ, ಬೆಳಿಗ್ಗೆಯೇ ವಾಪಸ್ ಕಳಿಸುತ್ತೇನೆ.